ಅತ್ತೆಯ ತುಟಿ

ಮನೆಯವರ ಭಾವಚಿತ್ರ ಬರೆಯಲು ಕಲಿಯುತ್ತೇನೆಂದು ಟೈಲರಮ್ಮ ಹೊರಟಾಗ ಯಾರೂ ಬೇಡವೆನ್ನಲಿಲ್ಲ. ಇಪ್ಪತ್ತು ವರ್ಷ ಜನರ ಮೈ ಅಳೆದವಳಿಗೆ ಮುಖ ಅಳೆಯುವುದೇನು ಮಹಾ ಎಂದುಕೊಂಡಿದ್ದಳು. ಭಾನುವಾರ ಮಧ್ಯಾಹ್ನ ಬೇಕರಿಯ ಮೇಲಿನ ಕೋಣೆಯಲ್ಲಿ ತರಗತಿ. ಫೋಟೋದ ಮೇಲೆ ಚೌಕ ಎಳೆದು, ಅದೇ ಚೌಕಗಳನ್ನು ಕ್ಯಾನ್ವಾಸಿಗೆ ಇಳಿಸಿ, ಎಂಟು ತಿಂಗಳಲ್ಲಿ ಗಂಡನನ್ನೂ ಮಗಳನ್ನೂ ಬರೆದು ಮುಗಿಸಿದಳು. ಕಣ್ಣು ಕಣ್ಣಿದ್ದಲ್ಲಿ, ಮೂಗು ಮೂಗಿದ್ದಲ್ಲಿ. ಆದರೂ ಗಂಡನ ಚಿತ್ರ ನೋಡಿದ ಪಕ್ಕದ ಮನೆಯಾಕೆ, "ಇವ್ರು ನಿಮ್ಮಣ್ಣನಾ?" ಎಂದು ಕೇಳಿಬಿಟ್ಟಳು.

ಅಷ್ಟರಲ್ಲಿ ಔಷಧದಂಗಡಿಯಲ್ಲಿ ಕೆಲಸ ಮಾಡುವ ವಾರಗಿತ್ತಿ, "ಅಕ್ಕಾ, ರಜಾ ದಿನ ಮನೇಲಿ ಬೇಜಾರು. ನಾನೂ ಬರ್ಲಾ?" ಎಂದು ಗಂಟುಬಿದ್ದಳು. ಮೂರೇ ತಿಂಗಳು. ಬಟಾಣಿ ಸುಲಿಯುತ್ತಿದ್ದ ಅತ್ತೆಯ ಎದುರು ಕೂತು, ಚೌಕವಿಲ್ಲ, ಸ್ಕೇಲಿಲ್ಲ, ನೋಡಿ ನೋಡಿಯೇ ಬರೆದಳು. ತರಗತಿಯಲ್ಲಿ ಚಿತ್ರ ಕಂಡ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನಮ್ಮಾ, ಜೀವ ತುಂಬಿಬಿಟ್ಟಿದ್ದೀಯಲ್ಲ!" ಎಂದರು. ಟೈಲರಮ್ಮನಿಗೆ ಇಷ್ಟು ದಿನ ಅವರು ಹೇಳಿದ್ದು "ಪರವಾಗಿಲ್ಲ" ಎಂದಷ್ಟೇ.

ಅವಳ ಹೊಟ್ಟೆಗೆ ಕೆಂಡ ಬಿದ್ದಂತಾಯಿತು. ಮನೆಗೆ ತಂದ ಚಿತ್ರವನ್ನು ಒಣಗಲು ನಡುಮನೆಯ ಕುರ್ಚಿಯ ಮೇಲಿಟ್ಟಿದ್ದರು. ಹೋಗುವವರು ಬರುವವರೆಲ್ಲ ಹೊಗಳುವವರೇ. "ಚೆನ್ನಾಗಿದೆ" ಎಂದು ಇವಳೂ ಹಲ್ಲು ಕಚ್ಚಿ ಅಂದಳು. ಹೊಲಿಯಲು ಕೂತರೆ ಯಾರದೋ ಅಂಗಿಗೆ ತೋಳು ತಿರುವುಮುರುವಾಗಿ ಕೂತಿತು.

ಮರುದಿನ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದರು, ಅತ್ತೆ ಸ್ನಾನಕ್ಕೆ. ಎಣ್ಣೆಬಣ್ಣ ಇನ್ನೂ ಹಸಿ. ಚಿತ್ರದಲ್ಲಿ ಅತ್ತೆ ಮೆಲ್ಲಗೆ ನಗುತ್ತಿದ್ದರು. ಈ ನಗುವನ್ನು ಈ ಮನೆಯಲ್ಲಿ ಯಾವ ಪುಣ್ಯಾತ್ಮ ಕಂಡಿದ್ದಾನೆ? ಟೈಲರಮ್ಮ ಕುಂಚ ತೆಗೆದು ತುಟಿಯ ಅಂಚನ್ನು ಕೆಳಕ್ಕೆಳೆದಳು, ಅಡಿಯಲ್ಲಿ ಕಪ್ಪು ನೆರಳು ಒತ್ತಿದಳು. ಪೂರ್ತಿ ಕೆಡಿಸುವ ಮನಸ್ಸಿತ್ತು, ಆದರೆ ಬಚ್ಚಲ ಚಿಲಕದ ಸದ್ದಾಯಿತು.

ಸಂಜೆ ಅತ್ತೆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಇವತ್ತು ಸರಿಯಾಗಿ ನನ್ ಥರಾನೇ ಇದೆ. ನಿನ್ನೆ ಯಾರೋ ಒಳ್ಳೆಯವಳ ಹಾಗೆ ಕಾಣ್ತಿದ್ದೆ."

ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಈಗ್ಲೇ ಬೈಯೋ ಹಾಗಿದ್ದಾಳೆ ಅಮ್ಮ!" ಎನ್ನುತ್ತ ಮೈದುನ ಹೆಂಡತಿಯ ಬೆನ್ನು ತಟ್ಟಿದ. ಅದು ನಂದು ಎಂಬ ಮಾತು ಟೈಲರಮ್ಮನ ನಾಲಿಗೆ ತುದಿಗೆ ಬಂತು. ಹೇಳುವುದಾದರೂ ಯಾವ ಬಾಯಲ್ಲಿ?

ಅಡುಗೆಮನೆಗೆ ಹೋದವಳ ಹಿಂದೆಯೇ ವಾರಗಿತ್ತಿ ಬಂದಳು. "ತುಟಿ ತಿದ್ದಿದ್ದು ನೀವಾ?"

"ಹಾಳು ಮಾಡೋಣ ಅಂತಾನೇ ಕೈ ಹಾಕ್ದೆ" ಎಂದುಬಿಟ್ಟಳು ಟೈಲರಮ್ಮ.

ಹುಡುಗಿಯ ಮುಖ ಕೆಂಪಾಯಿತು. "ನನ್ನನ್ನೊಂದು ಮಾತು ಕೇಳ್ಬಹುದಿತ್ತು." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ಇದ್ದ ಹಾಗೇ ಬರೆಯೋಕೆ ನಂಗೆ ಧೈರ್ಯ ಇರ್ಲಿಲ್ಲ, ಅಕ್ಕಾ. ಅತ್ತೆ ಅಲ್ವಾ, ನಗಿಸಿಬಿಟ್ಟೆ." ಹೊರಗೆ ಹೋಗಿ, ತುಟಿ ಅಕ್ಕನ ಕೈಯದು ಎಂದು ಎಲ್ಲರಿಗೂ ಹೇಳಿದಳು.

ಬಯಸಿದ ಹೊಗಳಿಕೆ ಬಂತು. ಟೈಲರಮ್ಮನ ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ. ಇಂಥ ದೊಡ್ಡ ಮನಸ್ಸೂ ಇವಳಿಗೇ ಇರಬೇಕೇ?

ಬಣ್ಣ ಒಣಗಿದ ಮೇಲೆ ಚಿತ್ರದ ಕೆಳಗೆ ಇಬ್ಬರ ಸಹಿಯೂ ಬಿತ್ತು. ಟೈಲರಮ್ಮ ತನ್ನದನ್ನು ಮೊದಲು ಹಾಕಿದಳು, ಒಂಚೂರು ದಪ್ಪಕ್ಷರದಲ್ಲಿ.