ನಾಲ್ಕು ಹುಣಸೆ ಬೀಜ

“ತಡೀರಿ ಚಾಚಾ,” ಎನ್ನುತ್ತ ನೂರಜಹಾನ ಹೊಸ್ತಿಲಿನಿಂದ ಅಂಗಳಕ್ಕೆ ಇಳಿದೇಬಿಟ್ಟಳು. ಅವಳ ಅಪ್ಪನ ಶವವಿದ್ದ ಜನಾಜಾ ಎತ್ತಲು ಬಗ್ಗಿದ್ದ ನಾಲ್ವರು ಅರ್ಧಕ್ಕೇ ನಿಂತರು.

ಚಾಚಾ ಮದಾರಸಾಬ ಗಡಿಯಾರ ನೋಡಿಕೊಂಡರು. “ಇದು ಮೂರನೇ ಸಲ ಬೇಟಿ. ಮಯ್ಯತ್ ಕಾಯಿಸಬಾರ್ದು. ಎಲ್ಲಾರೂ ಮಾಫ್ ಮಾಡ್ಯಾರ. ಇನ್ನ ಯಾರ ಬರಬೇಕು?”

“ರಾಯಪ್ಪಣ್ಣ.”

ಎತ್ತುವ ಮುನ್ನ ಸತ್ತವನ ಪರವಾಗಿ ನೆರೆದವರಲ್ಲಿ ಕ್ಷಮೆ ಕೇಳುವುದು ಪದ್ಧತಿ. ಚಾಚಾ ಕೇಳಿದ್ದರು. ಖಾನಾಪುರದ ಅರ್ಧ ಊರು ಕ್ಷಮಿಸಿತ್ತು.

“ನಮ್ಮ ಕಾಸಿಮ ಸೈಕಲ್ ರಿಪೇರಿಗೆ ಎಂಟೆಂಟ ದಿನ ಕಾಯಿಸ್ತಿದ್ದ,” ಎಂದ ನೆರೆಮನೆಯ ಮುದುಕ ಬಾಳಪ್ಪ. “ಹೋಗುವಾಗನೂ ಅದ ಚಾಳಿ ನೋಡ್ರಿ.”

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ನೂರಜಹಾನ ರಸ್ತೆ ನೋಡುತ್ತಿದ್ದಳು. ರಾಯಪ್ಪ ದುಡಿಯುವ ಹೆಂಚಿನ ಕಾರ್ಖಾನೆಗೆ ಹೇಳಿ ಕಳಿಸಿ ಎರಡು ತಾಸಾಗಿತ್ತು. ಅವನು ಬರದಿದ್ದರೆ? ಬಂದರೆ ಯಾವ ಮಾತಿನಿಂದ ಶುರುಮಾಡುವುದು?

*

ಬೆಳಗಾವಿಯವರಿಗೆ ಓಟವೆಂದರೆ ಮೈದಾನದ ಸುತ್ತು. ರಸ್ತೆ ಹಿಡಿದು ನಲವತ್ತೆರಡು ಕಿಲೋಮೀಟರ್ ಓಡುವುದು ಹುಚ್ಚು. ೧೯೭೮ರಲ್ಲಿ ಆ ಹುಚ್ಚಿಗೂ ಒಂದು ದಿನ ನಿಗದಿಯಾಯಿತು. ಖಾನಾಪುರದಿಂದ ಹೊರಟು, ಬೆಳಗಾವಿ ಹಾದು, ಸಾಂಬ್ರಾದ ಆಚೆಯವರೆಗೆ. ದಾರಿ ಅಳೆದವರು ಕಾಸಿಮಸಾಬ. ಸೈಕಲ್ ಗಾಲಿಗೆ ಕೆಂಪು ಚಿಂದಿ ಕಟ್ಟಿ ಸುತ್ತು ಎಣಿಸುತ್ತ, ನೂರಕ್ಕೊಂದು ಹುಣಸೆ ಬೀಜ ಜೇಬಿಗಿಳಿಸುತ್ತ ಹೋದರು. ನಡುವೆ ಬೆಳಗಾವಿಯ ಮಸೀದಿಯೊಂದರಲ್ಲಿ ನಮಾಜಿಗೆ ಇಳಿದರು. ಕೊನೆಗೆ ಬೀಜಗಳ ಲೆಕ್ಕ ಹಿಡಿದು ಸುಣ್ಣದ ಗೆರೆ ಎಳೆದರು.

ರಾಯಪ್ಪನೇ ಮೊದಲು ಬಂದ. ಆದರೆ ಓಟಗಾರರಿಗೆ ಕೊಡುವ ಸರಕಾರಿ ನೌಕರಿಯ ಆಯ್ಕೆಗೆ ಬೇಕಿದ್ದ ಸಮಯ ಎರಡು ನಿಮಿಷದಿಂದ ತಪ್ಪಿತ್ತು.

ಮುಂದಿನ ವಾರ ಅದೇ ಮಸೀದಿಯ ಕಿಟಕಿಯಲ್ಲಿ ಕಾಸಿಮಸಾಬರ ಕಣ್ಣಿಗೆ ಬಿದ್ದದ್ದು ನಾಲ್ಕು ಹುಣಸೆ ಬೀಜ. ಕಸ ಗುಡಿಸುವವನು ಎತ್ತಿಟ್ಟಿದ್ದ. ಸಜ್ದಾಕ್ಕೆ ಬಾಗಿದಾಗ ಜೇಬಿನಿಂದ ಜಾರಿದ್ದವು. ಲೆಕ್ಕಕ್ಕೆ ಸಿಗದ ನಾಲ್ಕು ಬೀಜವೆಂದರೆ ನಾನೂರು ಸುತ್ತು; ಗೆರೆ ಅಷ್ಟು ಆಚೆ ಬಿದ್ದಿತ್ತು, ಮೂರು ನಿಮಿಷದಷ್ಟು ಹೆಚ್ಚಿನ ದಾರಿ. ಕಾಸಿಮಸಾಬ ಎಂಟು ವರ್ಷ ಬಾಯಿ ಬಿಡಲಿಲ್ಲ. ಮೊನ್ನೆ, ಉಸಿರು ಎಳೆಯುತ್ತಲೇ, ಮಗಳಿಗೆ ಹೇಳಿದರು.

*

ರಾಯಪ್ಪ ಬಂದ. ಗೋಡೆಯ ಬದಿಗೆ ಕರೆದು ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಎಷ್ಟ ಬೀಜ ಅಂದಿ?”

“ನಾಕು.”

ಅವನ ತುಟಿ ಸ್ವಲ್ಪ ಹೊತ್ತು ಏನೋ ಎಣಿಸಿತು. “ಸಾಂಬ್ರಾದಾಗ ಯಾಕ ನೀರ ಕುಡ್ಯಾಕ ನಿಂತಿ ಅಂತ ನಮ್ಮವ್ವ ಸಾಯೂತನಕ ಬೈದ್ಲು. ನಾನೂ ಹಂಗ ತಿಳದಿದ್ದೆ ತಂಗಿ. ಒಂದ ವಾಟಿ ನೀರ ನನ್ನ ಕೆಡಿಸ್ತು ಅಂತ.”

“ಅಬ್ಬಾನ್ನ ಮಾಫ್ ಮಾಡ್ರಿ ಅಣ್ಣಾ.”

“ದಿನಾ ನಮ್ಮ ಓಣ್ಯಾಗ ಹಾದ ಹೋಗಾಂವ. ಒಮ್ಮೆರೆ ಹೇಳಬಾರ್ದಿತ್ತ?” ಅವನ ದನಿ ಏರಿತು. “ಮಾಫ್ ಅನ್ನೂ ಮಾತು ಬಾಯಿಗೆ ಬರವಲ್ದು ತಂಗಿ.”

ಅವನು ಹೊರಗೆ ಹೋಗಿಬಿಟ್ಟ. ಚಾಚಾ ಕೈ ಎತ್ತಿದರು. ಜನಾಜಾ ಎದ್ದಿತು.

ಜನಾಜಾದ ಹಿಂದೆ ಹೆಂಗಸರು ಹೋಗುವಂತಿರಲಿಲ್ಲ. ನೂರಜಹಾನ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಜನ ಬಿರಬಿರನೆ ನಡೆದರು. ನಾಲ್ಕು ಹೆಜ್ಜೆಗೊಮ್ಮೆ ಹೆಗಲು ಬದಲಾಯಿತು. ಓಣಿಯಲ್ಲಿ ನಿಂತಿದ್ದ ರಾಯಪ್ಪನನ್ನು ದಾಟಿ ಜನಾಜಾ ಮುಂದೆ ಹೋಯಿತು. ಅವನು ಅಲುಗಲಿಲ್ಲ. ಅದು ತಿರುವಿಗೆ ಬಂದಾಗ ಒಮ್ಮೆಲೇ ಚಪ್ಪಲಿ ಬಿಟ್ಟು ಓಡಿದ. ಹಿಂದಿನ ಎಡಮೂಲೆಗೆ ಹೆಗಲು ಕೊಟ್ಟ.

ಮೂರು ಮೂಲೆಗಳಲ್ಲಿ ಹೆಗಲುಗಳು ಬದಲಾಗುತ್ತಲೇ ಇದ್ದವು. ನಾಲ್ಕನೆಯದಕ್ಕೆ ಹೆಗಲು ಕೊಡಲು ಯಾರೋ ಬಂದು ಬೆನ್ನು ತಟ್ಟಿದರು. ಮತ್ತೊಬ್ಬರು ಬಂದು ತಟ್ಟಿದರು. ರಾಯಪ್ಪ ಬಿಟ್ಟುಕೊಡಲಿಲ್ಲ.