ಆ ಸಂಸಾರ

"ಕೈ ಬಿಡಿ, ಮಾತ್ರೆ ಬೀಳುತ್ತೆ," ಎಂದು ಹೆಂಡತಿ ಮಣಿಕಟ್ಟು ಬಿಡಿಸಿಕೊಂಡಳು.

ಬಡಗಿ ಮಾತ್ರೆ ನುಂಗಿದ. ಅವನು ಕೂತಿದ್ದ ಮಂಚ ಮದುವೆಯ ವರ್ಷ ಅವನೇ ಮಾಡಿದ್ದು. ಅದರ ಪಕ್ಕ ನೆಲದ ಮೇಲೆ ಅವಳ ಚಾಪೆ.

"ಎದೆ ಕೈಕೊಟ್ಟಿದ್ದು ಒಂದೇ ಸಲ. ನೀನು ದಿನಾ ಕೈಕೊಡ್ತಿದ್ದೀಯ."

"ಸಂಸಾರ ಗಿಂಸಾರ ಸದ್ಯಕ್ಕೆ ತಲೇಲಿ ಇಟ್ಕೋಬೇಡಿ ಅಂತ ಡಾಕ್ಟ್ರು ಹೇಳ್ಲಿಲ್ವಾ? ನನ್ನೆದುರಿಗೇ ಹೇಳಿದ್ರು."

ಆಸ್ಪತ್ರೆಯಿಂದ ಬಂದಂದಿನಿಂದ ಅವನ ಉಸಿರು ತುಸು ಎಳೆದರೂ ಅವಳು ಎದ್ದು ಕೂರುತ್ತಿದ್ದಳು. ಅವತ್ತು ಅವನು ಕುಸಿದದ್ದು ಅವಳ ತೋಳಿನಲ್ಲೇ. "ಊಟ ಮಾಡ್ತಿದ್ರು," ಎಂದು ಎಲ್ಲರಿಗೂ ಹೇಳಿದ್ದಳು, ಡಾಕ್ಟರಿಗೂ. ಅವನ ಆ ಭಾರ ಮಾತ್ರ ಇನ್ನೂ ಅವಳ ಮೈಮೇಲಿಂದ ಇಳಿದಿರಲಿಲ್ಲ.

ಮಾತ್ರೆಯಾದ ಮೇಲೆ ಇಬ್ಬರೂ ಮತ್ತೆ ಡಾಕ್ಟರಿಗೆ ತೋರಿಸಲು ಹೋದರು. ಡಾಕ್ಟರು ಎದೆಯ ಇಸಿಜಿ ಪಟ್ಟಿ ನೋಡಿ, ನಿಧಾನಕ್ಕೆ ಕೆಲಸ ಶುರುಮಾಡಿ ಎಂದರು. ಬಡಗಿ ಕುರ್ಚಿಯಿಂದ ಏಳಲಿಲ್ಲ.

"ಮತ್ತೆ... ಸಂಸಾರ?"

"ಇನ್ನೂ ಮನೆ ಮಕ್ಕಳು ಅಂತ ಅದೇ ಚಿಂತೆನಾ? ಬೇಡ ಅಂದಿದ್ನಲ್ಲ."

"ಅದಲ್ಲ ಡಾಕ್ಟ್ರೇ." ಅವನ ಕಿವಿ ಕೆಂಪಗಾದವು. "ಆ ಸಂಸಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯೋ, ನಾನು ಬಿಡಿ ಅಂದಿದ್ದು ತಾಪತ್ರಯನಪ್ಪಾ, ಹೆಂಡ್ತೀನಲ್ಲ! ಎರಡು ಮಹಡಿ ಮೆಟ್ಟಿಲು ನೋವಿಲ್ದೆ, ಏದುಸಿರಿಲ್ದೆ ಹತ್ತೋಕಾದ್ರೆ ಅದೂ ಆಗುತ್ತೆ. ಎದೆ ಹಿಡಿದ ಹಾಗಾದ್ರೆ ನಿಲ್ಲಿಸಿ, ತಕ್ಷಣ ಬನ್ನಿ."

"ಅವತ್ತು ಅವರು ಊಟ ಮಾಡ್ತಿರ್ಲಿಲ್ಲ," ಎಂದಳು ಅವಳು, ಮೇಜಿನ ಅಂಚು ನೋಡುತ್ತ.

ಡಾಕ್ಟರು ಅವಳ ಕಡೆ ತಿರುಗಿದರು. "ನಿನ್ನಿಂದ ಆಗಿದ್ದಲ್ಲಮ್ಮ. ರಕ್ತನಾಳ ಮೊದಲೇ ಕಟ್ಟಿಕೊಂಡಿತ್ತು."

ಅವಳು ತಲೆಯಾಡಿಸಿದಳು. ಕಿವಿ ಒಪ್ಪಿತು, ಎದೆ ಒಪ್ಪಲಿಲ್ಲ.

ಅವರ ಮನೆ ಎರಡನೇ ಮಹಡಿಯಲ್ಲಿ. ಬಡಗಿ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿಯದೆ ಮುಂದೆ ಹತ್ತಿದ. ಬಿದ್ದರೆ ಹಿಡಿಯಲೆಂಬಂತೆ ಅವಳು ಎರಡೂ ಕೈ ಚಾಚಿಕೊಂಡು, ಅವನ ಬೆನ್ನಿನ ಅಂಗಿಯನ್ನೇ ನೋಡುತ್ತ ಹಿಂದೆ ಹತ್ತಿದಳು. ಬಾಗಿಲ ಬಳಿ ಅವನು ತಿರುಗಿದ.

"ಎಲ್ಲಿ, ಏದುಸಿರಿದೆಯಾ ಕೇಳು."

ಏದುಸಿರು ಬಿಡುತ್ತಿದ್ದವಳು ಅವಳೇ.

"ರೋಗಿ ಯಾರೇ ಇಲ್ಲಿ?" ಎಂದು ಅವನು ನಕ್ಕು ಬೀಗ ತೆಗೆದ.

ಒಳಗೆ ಹೋಗಿ ಅವಳು ಚಾಪೆ ಸುತ್ತಿದಳು. ಅಟ್ಟಕ್ಕೆ ಹಾಕಲಿಲ್ಲ. ಮಂಚದ ಕಾಲಿಗೆ ಒರಗಿಸಿಟ್ಟಳು, ತಾನು ಮೇಲೆ ಮಲಗಿದಲ್ಲಿಂದಲೇ ಕೈಗೆ ಸಿಗುವಷ್ಟು ಹತ್ತಿರ.