ಮೀನಿನ ಮೆಟ್ಟುಗತ್ತಿ

ಕರ್, ಕರ್, ಮಗೆಕಾಯಿಯ ಸಿಪ್ಪೆಯನ್ನು ಇಷ್ಟು ದಪ್ಪ ತೆಗೆಯಬಾರದು, ತಿರುಳೆಲ್ಲ ಸಿಪ್ಪೆಯ ಜೊತೆಗೇ ಹೋಗುತ್ತಿದೆ, ಆದರೆ ಹೇಳುವವರು ಯಾರು, ಹೇಳಿದರೆ ಬಿ.ಎ. ಓದಿದ ಅತ್ತಿಗೆಗೆ ಮಗೆಕಾಯಿ ಹೆಚ್ಚೂದೂ ಪುಸ್ತಕದಲ್ಲಿ ಉಂಟಾ ಅಂತಾಳೆ, ನಾನು ಈ ಮನೆಗೆ ಬಂದ ವರ್ಷ ಹುಟ್ಟಿದ ಮಾತು ಅದು, ನನ್ನ ಗಂಡ ಹೋದರು, ಅತ್ತೆ ಹೋದರು, ಈ ಒಂದು ಕುಹಕ ಮಾತ್ರ ಸಾಯುವುದಿಲ್ಲ. ಲಕ್ಷ್ಮೀ, ನನ್ನ ನಾದಿನಿ, ಪ್ರತಿ ಚೌತಿಗೂ ಸಿದ್ದಾಪುರದಿಂದ ಮೊದಲ ಬಸ್ಸಿಗೆ ಬಂದು ನನ್ನ ಅಡುಗೆಮನೆಯ ನಟ್ಟನಡುವೆ ಪ್ರತಿಷ್ಠಾಪನೆಯಾಗುತ್ತಾಳೆ, ನಿಜವಾದ ಗಣಪತಿ ಹೊರಗೆ ಜಗಲಿಯಲ್ಲಿ, ಅವನ ತಲೆಯ ಮೇಲೆ ನನ್ನ ಮಗ ಉದಯ ಫಲಾವಳಿ ಕಟ್ಟುತ್ತಿದ್ದಾನೆ, ಸೌತೆಕಾಯಿ, ಹಾಗಲಕಾಯಿ, ಅಡಿಕೆ ಗೊನೆ, ದಾರ ಸಾಕಾಗಲಿಲ್ಲ ಆಯಿ ಎಂದು ಕೂಗುತ್ತಾನೆ, ಅಲ್ಲೇ ಗೂಡಿನಲ್ಲಿ ನೋಡಾ ಎನ್ನುತ್ತೇನೆ, ನನ್ನ ದನಿ ಎಷ್ಟು ಮೆತ್ತಗಿದೆ, ನನಗೇ ಹೇಸಿಗೆಯಾಗುವಷ್ಟು ಮೆತ್ತಗೆ, ಈ ದನಿಯನ್ನೇ ಎಲ್ಲರೂ ನಾನು ಎಂದುಕೊಂಡಿದ್ದಾರೆ. ಹಿತ್ತಲ ಬಾಗಿಲ ಮೆಟ್ಟಿಲಿನಲ್ಲಿ ತನುಜಾ, ನನ್ನ ಸೊಸೆ, ಬಾಳೆಲೆ ಒರೆಸುತ್ತ ಕೂತಿದ್ದಾಳೆ, ಒಂದೇ ಎಲೆಯನ್ನು ಮತ್ತೆ ಮತ್ತೆ ಒರೆಸುತ್ತಾಳೆ, ಒಳಗೆ ಕರೆಯುವವರಿಲ್ಲ — ಅವಳು ಅಲ್ಲೇ ಇರ್ಲಿ ಅತ್ತಿಗೆ, ವರ್ಷಪೂರ್ತಿ ಬಂಗಡೆ ಹುರಿಯೂ ಕೈ, ನೈವೇದ್ಯಕ್ಕೆ ಎಂತಕ್ಕೆ ಅದು, ಎಂದಳಲ್ಲ ಲಕ್ಷ್ಮೀ ಬಂದವಳೇ, ಚಪ್ಪಲಿ ಬಿಡುವ ಮೊದಲೇ. ಅದೇ ಕೈ ಹುರಿದ ಬಂಗಡೆಯನ್ನು ಶಿರಸಿಯ ನಮ್ಮ ಖಾನಾವಳಿಯಲ್ಲಿ ಕೂತು ಮುಳ್ಳು ಚೀಪಿ ಚೀಪಿ ತಿಂದವಳು ಯಾರು, ಮನೆಗೊಂದು ಪೊಟ್ಟಣ ಕಟ್ಟು ಮಾರಾಯ್ತಿ ಎಂದು ಗಲ್ಲ ಸವರಿದವಳು ಯಾರು, ಮೀನು ತಿನ್ನುವ ಮನೆತನವೇ ನಮ್ಮದು, ನಿನ್ನದೂ, ಚೌತಿಯ ಒಂದು ದಿನ ಮಾತ್ರ ನಿನ್ನ ನಾಲಿಗೆ ಗಂಗೆಯಲ್ಲಿ ಮುಳುಗಿ ಬರುತ್ತದೆ. ಈ ಮನೆಯಲ್ಲಿ ಚೌತಿಯ ನೈವೇದ್ಯದ ಎಲೆಗೆ ಬಡಿಸಿದವಳೇ ಸೊಸೆ, ಅಲ್ಲಿಯವರೆಗೆ ಬರೀ ಉದಯನ ಹೆಂಡತಿ, ಹೋದ ವರ್ಷ ಅವಳ ಕೈಯಿಂದ ಸೌಟು ಕಸಿದುಕೊಂಡಳು ಲಕ್ಷ್ಮೀ, ಎಲ್ಲರೆದುರು, ತನುಜಾ ಖಾಲಿ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದಳು. ಮೊನ್ನೆ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತ ತಲೆ ಎತ್ತದೇ ಕೇಳಿದಳು, ಅತ್ತೀ, ಈ ವರ್ಷಾನೂ ನಾ ಹೊರಗ ನಿಂದ್ರಬೇಕೇನ್ರಿ, ಮುಂಡಗೋಡದ ಕಡೆಯ ಮಾತು, ಕೇಳುವುದಕ್ಕೂ ನಾಚಿಕೊಂಡು ಕೇಳುವ ಮಾತು, ಇಲ್ಲ ಮಗಾ, ಈ ವರ್ಷ ನೀನೇ ಬಡಿಸೂದು ಎಂದೆ, ಎಂದೇಬಿಟ್ಟೆ, ಈಗ ಇಲ್ಲಿ ಕೂತು ಕಾಯಿ ತುರಿಯುತ್ತಿದ್ದೇನೆ — ಕರ್, ಕರ್, ಲಕ್ಷ್ಮೀ ಮಗೆಕಾಯಿ ಹೆಚ್ಚುತ್ತ ಕಾಲು ಬದಲಿಸುತ್ತಾಳೆ, ಅವಳು ಮೆಟ್ಟಿಕೊಂಡ ಈಳಿಗೆಮಣೆಯ ಮೂಲೆ ಕಾಣುತ್ತದೆ, ಮೂಲೆ ಸುಟ್ಟಿದೆ.

ಸುಟ್ಟ ಮೂಲೆ. ಒಮ್ಮೆ ಒಲೆಯ ಬೆಂಕಿ ತಗುಲಿದ ಮಣೆ, ಅದು ಮೀನಿನ ಮೆಟ್ಟುಗತ್ತಿ. ಚೌತಿಯ ಮುನ್ನಾದಿನ ಮೀನಿನ ಮಡಕೆ, ಬಾಣಲೆ, ಸೌಟು, ಕತ್ತಿ ಎಲ್ಲ ಮನೆ ಬಿಟ್ಟು ಕಟ್ಟಿಗೆ ಕೊಟ್ಟಿಗೆಗೆ ಹೋಗಬೇಕು, ಅತ್ತೆಯ ಕಾಲದ ಕಟ್ಟಳೆ, ತನುಜಾ ನಿನ್ನೆ ಈ ಕತ್ತಿಯನ್ನು ಹುಣಿಸೆಹಣ್ಣು ಬೂದಿ ಹಾಕಿ ತಿಕ್ಕಿ, ತೇವ ಇದ್ದರೆ ತುಕ್ಕು ಹಿಡೀತದ ಅತ್ತೀ ಅಂತ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆರಲು ಇಟ್ಟಿದ್ದಳು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ತರಕಾರಿಯ ಮೆಟ್ಟುಗತ್ತಿ ಇತ್ತಲ್ಲ, ಬೆಳಿಗ್ಗೆ ತನುಜಾ ಅದರ ಮೇಲೆ ಕೂತು ಹೀರೆಕಾಯಿ ಹೆಚ್ಚುತ್ತಿದ್ದಳು, ಅವಳನ್ನು ಎಬ್ಬಿಸಿ ಕಳಿಸಿದ ಲಕ್ಷ್ಮೀ ಆ ಮಣೆಯನ್ನು ಕಾಲಿನಿಂದ ಸರಿಸಿದಳು, ಇವಳು ಮೆಟ್ಟಿದ್ದು ನಂಗೆ ಬ್ಯಾಡ, ನಾ ಬೇರೆ ತರ್ತೆ, ಎಂದು ಹಿತ್ತಲಿಗೆ ಹೋದವಳು ಇದನ್ನೆತ್ತಿಕೊಂಡು ಜಗಲಿಯನ್ನು ಸುತ್ತಿ ಬಂದಳು, ಉದಯ ನಕ್ಕ, ಎಂತ ಸೋದರತ್ತೆ, ಯುದ್ಧಕ್ಕೆ ಹೊರಟ್ರಾ ಎಂದ, ಹೌದು, ನಿನ್ನ ಹೆಂಡತಿ ಮೇಲೆ ಎಂದಳು. ನಾನು ಹಾಲು ಉಕ್ಕುವುದನ್ನು ನೋಡುತ್ತಿದ್ದೆ, ಕತ್ತಿ ನೋಡಲಿಲ್ಲ. ಈಗ ನೋಡುತ್ತಿದ್ದೇನೆ. ಮಡಿಯ ಮಹಾರಾಣಿ ಗಣಪತಿಯ ಮಗೆಕಾಯಿಯನ್ನು ಮೀನಿನ ಕತ್ತಿಯಲ್ಲಿ ಹೆಚ್ಚುತ್ತಿದ್ದಾಳೆ — ಎದೆಯೊಳಗೆ ಏನೋ ಬೆಚ್ಚಗೆ ಏಳುತ್ತದೆ, ಭಯವಲ್ಲ, ಪಾಪಭೀತಿಯಲ್ಲ, ಸಂತೋಷ, ಕೆಟ್ಟ ಸಂತೋಷ. ಒಂದು ಮಾತು ಸಾಕು. ಲಕ್ಷ್ಮೀ, ಮಣೆ ತಿರುಗಿಸಿ ನೋಡು. ಅಷ್ಟೇ ಸಾಕು, ಇಷ್ಟು ವರ್ಷದ ಬಿ.ಎ.ಗೆ ಒಂದೇ ಮಾತಿನ ಉತ್ತರ. ಆದರೆ ಹೇಳಿದರೆ ಏನೆನ್ನುತ್ತಾಳೆ ಗೊತ್ತಿಲ್ಲವೇ, ಒಗೆಯೂ ಕಲ್ಲಿನ ಮೇಲೆ ಇಟ್ಟವಳು ಯಾರು, ಬೇಕಂತಲೇ ಇಟ್ಟದ್ದು, ನನ್ನ ಕೈಲಿ ಪಾಪ ಮಾಡ್ಸಿದ್ಲು ಎಂದು ಕೇರಿಗೆಲ್ಲ ಕೇಳುವ ಹಾಗೆ ಅಳುತ್ತಾಳೆ, ಮತ್ತೆ ತನುಜಾ ಎಂದೆಂದಿಗೂ ಆ ಮೆಟ್ಟಿಲಿನಲ್ಲೇ. ನುಂಗು, ದೇವಿ, ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ನುಂಗುವುದು ನಿನಗೆ ರೂಢಿಯೇ. ಆಗ ಲಕ್ಷ್ಮೀ ಕೈ ಒರೆಸಿಕೊಂಡು ಎದ್ದು, ಬೆಲ್ಲ ಹಾಕುವ ಮೊದಲೇ ಪಾಯಸದಿಂದ ಒಂದು ಬಟ್ಟಲು ತೆಗೆದು ಮುಚ್ಚಿಡುತ್ತಾಳೆ, ಇದು ಅತ್ತಿಗೆಗೆ, ಸಕ್ಕರೆ ಕಾಯಿಲೆಯವರು, ಎಂದು ಯಾರಿಗೂ ಅಲ್ಲದೆ ಹೇಳಿಕೊಳ್ಳುತ್ತಾಳೆ, ಕೆಸುವಿನ ಪತ್ರೊಡೆಗೂ ಹುಣಿಸೆ ಜಾಸ್ತಿ ಹಾಕಿದ್ದೆ, ನಿಮ್ಮ ಗಂಟಲು ತುರಿಸ್ತದಲ್ಲ. ಯಾಕೆ ಹೇಳಿದೆ ಲಕ್ಷ್ಮೀ ಇದನ್ನು, ಯಾಕೆ ಈಗ, ನಾನು ನೋಡಬಾರದಿತ್ತು, ಇಂಥವನ್ನೇ ನೋಡುವ ಈ ಕಣ್ಣನ್ನು ಏನು ಮಾಡಲಿ, ದ್ವೇಷಿಸುವುದಕ್ಕೂ ಪೂರಾ ಬಿಡುವುದಿಲ್ಲ, ನಿನ್ನ ಬಟ್ಟಲು ಪಾಯಸಕ್ಕೆ ನನ್ನ ಸೊಸೆಯನ್ನು ಮಾರುವವಳಲ್ಲ ನಾನು.

ಮತ್ತೆ ಕೂರುತ್ತಾಳೆ, ಮತ್ತೆ ಕರ್, ಮತ್ತೆ — ನಿಂತಿತು. ಕತ್ತಿಯೂ ಮಣೆಯೂ ಸೇರುವ ಸಂದಿಯಿಂದ ಏನೋ ಅವಳ ಹೆಬ್ಬೆರಳಿಗೆ ಅಂಟಿದೆ, ಬೆಳಕಿಗೆ ಹಿಡಿಯುತ್ತಾಳೆ, ಮೀನಿನ ಹುರುಪೆ, ಒಂದೇ ಒಂದು, ಪಾರದರ್ಶಕ, ಕಿಟಕಿಯ ಬಿಸಿಲಿಗೆ ಮಿಂಚುತ್ತದೆ. ಮಣೆಯನ್ನು ಓರೆ ಮಾಡುತ್ತಾಳೆ, ಸುಟ್ಟ ಮೂಲೆಯನ್ನು ನೋಡುತ್ತಾಳೆ, ತವರಿನ ಮಣೆ, ಅವಳಿಗೆ ಗೊತ್ತಿಲ್ಲದ್ದೇ, ತಲೆ ಎತ್ತುತ್ತಾಳೆ, ನಾನು ನೋಡುತ್ತಲೇ ಇದ್ದೇನೆ. ಬಾಯಿ ತೆರೆದಳು, ತನು — ಅಷ್ಟರಲ್ಲಿ ನನ್ನ ದನಿ ಬಂತು, ಅದೇ ಮೆತ್ತನೆ ದನಿ, ಲಕ್ಷ್ಮೀ, ಆ ಮೆಟ್ಟುಗತ್ತಿ ನೀನೇ ಹಿತ್ತಲಿಂದ ತಂದದ್ದಲ್ವಾ, ಉದಯನೂ ಕಂಡಿದ್ದಾನೆ, ಹರಿತ ಉಂಟಾ? ಜಗಲಿಯಿಂದ ಉದಯ, ಏನೂ ಅರಿಯದೆ, ಹೌದೌದು, ಝಾನ್ಸಿ ರಾಣಿ ಹಾಗೆ ತಂದ್ರು ಎಂದು ನಗುತ್ತಾನೆ. ಲಕ್ಷ್ಮಿಯ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು. ತನುಜಾ, ಎಂದೆ, ಕೈ ತೊಳ್ಕೊಂಡು ಒಳಗೆ ಬಾ, ನೈವೇದ್ಯ ನೀನೇ ಬಡಿಸೂದು, ಅಲ್ವಾ ಲಕ್ಷ್ಮೀ? ಒಲೆಯ ಮೇಲೆ ಬೇಳೆ ಕೊತಕೊತ ಎನ್ನುತ್ತದೆ. ಹೂಂ, ಎಂದಳು. ಅಷ್ಟೇ, ಹೂಂ. ಮಗೆಕಾಯಿಯನ್ನು ಚೆಲ್ಲುತ್ತಾಳೆಂದುಕೊಂಡೆ, ಚೆಲ್ಲಬೇಕಾದರೆ ಕಾರಣ ಹೇಳಬೇಕು, ಹೇಳಲಿಲ್ಲ, ಎಡಗೈಯಿಂದ ಹೋಳುಗಳನ್ನು ಬಾಚಿ ಬೇಳೆಗೆ ಹಾಕಿದಳು, ನಾನೂ ತಡೆಯಲಿಲ್ಲ, ಇಲಿಯ ಮೇಲೆ ಕೂರುವ ದೇವರು, ಅವನೇನು ಹೇಸುತ್ತಾನೆ, ಹೇಸುವುದಾದರೆ ನಮ್ಮಿಬ್ಬರಿಗೆ ಹೇಸಲಿ. ಈಗ ಗಂಟೆ ಬಾರಿಸುತ್ತಿದ್ದಾನೆ ಉದಯ, ತನುಜಾ ಎಲೆಯ ತುದಿಯಿಂದ ಬಡಿಸುತ್ತಾಳೆ, ಉಪ್ಪು, ಪತ್ರೊಡೆ, ಪಂಚಕಜ್ಜಾಯ, ಮಗೆಕಾಯಿ ಹುಳಿ, ಮುಖ ಅರಳಿದೆ, ನಾನು ಆ ಮುಖವನ್ನು ನೋಡಬೇಕು, ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ, ನೋಡು, ದೇವಿ, ಸೊಸೆಯ ಮುಖ ನೋಡು — ಸೋದರತ್ತೆ, ಕೈ ಮುಗೀರಿ, ಎನ್ನುತ್ತಾನೆ ಉದಯ, ಲಕ್ಷ್ಮೀ ಕಂಬಕ್ಕೊರಗಿ ನಿಂತಿದ್ದಾಳೆ, ಎಡಗೈ ಎದೆಗೆ ಬಂದಿದೆ, ಬಲಗೈ ಬಂದಿಲ್ಲ, ಆ ಹುರುಪೆ ತೊಳೆದಳೋ ಇಲ್ಲವೋ, ನಾನು ಕಾಣಲಿಲ್ಲ, ಸೆರಗಿನ ಕೆಳಗೆ ಆ ಮುಷ್ಟಿ, ಬಿಗಿದ ಮುಷ್ಟಿ, ಆರತಿ ಅವಳೆದುರು ಬಂದು ನಿಂತಿದೆ, ಮುಷ್ಟಿ ಬಿಚ್ಚುವುದಿಲ್ಲ, ಒಳಗೆ ಹೆಬ್ಬೆರಳು, ಮುಷ್ಟಿ, ಒಳಗೆ ಹೆಬ್ಬೆರಳು —